‘ಆಯ್ತು’ ಅಂದರೆ ಯಾವ ಆಯ್ತು?

ಕನ್ನಡದ ‘ಆಯ್ತು’ ಇದೆಯಲ್ಲ, ಅದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. ಕೇಳಿಸಿತು ಅನ್ನುವುದಕ್ಕೂ ಆಯ್ತು, ಒಪ್ಪಿದೆ ಅನ್ನುವುದಕ್ಕೂ ಆಯ್ತು, ಮಾಡ್ತೀನಿ ಅನ್ನುವುದಕ್ಕೂ ಆಯ್ತು, ಮಾಡಿ ಮುಗಿಸಿದೆ ಅನ್ನುವುದಕ್ಕೂ ಆಯ್ತು, ಸಾಕು ಮಾರಾಯ ಇನ್ನು ಬಿಡು ಅನ್ನುವುದಕ್ಕೂ ಆಯ್ತು. ಮುಖ ನೋಡಿಕೊಂಡು ಮಾತಾಡುವಾಗ ಯಾವ ಆಯ್ತು ಯಾವುದು ಅಂತ ದನಿಯಲ್ಲೇ ತಿಳಿಯುತ್ತದೆ. ಸಣ್ಣ ವಿಮಾನ ಹಾರಿಸುವ ಖಾಸಗಿ ಪೈಲಟ್‌ಗೂ ಟವರ್‌ನಲ್ಲಿ ಕೂತ ಕಂಟ್ರೋಲರ್‌ಗೂ ಆ ಸವಲತ್ತಿಲ್ಲ. ಇಬ್ಬರ ನಡುವೆ ಇರುವುದು ಇಂಜಿನ್ ಗದ್ದಲದ ನಡುವೆ ರೇಡಿಯೊದಲ್ಲಿ ಬಂದು ಹೋಗುವ ಮೂರು ನಾಲ್ಕು ಸೆಕೆಂಡಿನ ದನಿ ಮಾತ್ರ. ಅದಕ್ಕೇ ಅಲ್ಲಿ ‘ಆಯ್ತು’ವನ್ನು ಒಡೆದು ಚೂರು ಚೂರು ಮಾಡಿಟ್ಟಿದ್ದಾರೆ.

‘ರೋಜರ್’ ಅಂದರೆ ನೀವು ಕೊನೆಯಲ್ಲಿ ಹೇಳಿದ್ದು ಪೂರ್ತಿ ಕೇಳಿಸಿತು, ಅಷ್ಟೇ. ಒಪ್ಪಿಗೆಯೂ ಅಲ್ಲ, ಹೌದು ಎಂಬ ಉತ್ತರವೂ ಅಲ್ಲ. ಸಿನಿಮಾಗಳು ಕೆಡಿಸಿಟ್ಟ ಪದಗಳಲ್ಲಿ ಇದೇ ಮೊದಲನೆಯದು. ‘ವಿಲ್ಕೊ’ ಅಂದರೆ ಅರ್ಥವಾಯಿತು, ಹಾಗೇ ಮಾಡುತ್ತೇನೆ. ‘ಅಫರ್ಮ್’ ಅಂದರೆ ಹೌದು, ‘ನೆಗೆಟಿವ್’ ಅಂದರೆ ಇಲ್ಲ. ‘ಅಫರ್ಮೇಟಿವ್’ ಎಂದು ಪೂರ್ತಿ ಹೇಳಬಾರದು ಎಂದು ಅಂತರರಾಷ್ಟ್ರೀಯ ಪದ್ಧತಿ ಹೇಳುವುದಕ್ಕೆ ಕಾರಣವಿದೆ. ಮಾತಾಡುವಾಗ ಒತ್ತಿ ಹಿಡಿಯಬೇಕಾದ ರೇಡಿಯೊ ಗುಂಡಿಯನ್ನು ಒತ್ತುವುದು ತಡವಾಗಿ ಮೊದಲ ಅಕ್ಷರಗಳು ನುಂಗಿಹೋದರೆ ಉಳಿಯುವುದು ‘…ಟಿವ್’ ಮಾತ್ರ. ಅದು ‘ಹೌದು’ ಎಂಬುದರ ಬಾಲವೋ ‘ಇಲ್ಲ’ ಎಂಬುದರ ಬಾಲವೋ ಯಾರಿಗೂ ಗೊತ್ತಾಗುವುದಿಲ್ಲ.

ಆ ಗುಂಡಿಯ ವಿಷಯ ಸ್ವಲ್ಪ ನೋಡೋಣ, ಎಲ್ಲ ಶಿಸ್ತೂ ಹುಟ್ಟಿದ್ದು ಅಲ್ಲಿಂದಲೇ. ವಿಮಾನದ ಮಾತುಕತೆ ನಡೆಯುವುದು 118 ರಿಂದ 137 ಮೆಗಾಹರ್ಟ್ಸ್ ಒಳಗಿನ, ವಿಎಚ್‌ಎಫ್ ಎಂಬ ರೇಡಿಯೊ ತರಂಗಗಳ ಪಟ್ಟಿಯಲ್ಲಿ. ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಗುಂಡಿ ಒತ್ತಿದವರಿಗೆ ಬೇರೆಯವರ ಮಾತು ಕೇಳಿಸುವುದಿಲ್ಲ, ಅವರು ಬಿಡುವ ತನಕ ಉಳಿದವರು ಕಾಯಬೇಕು. ಎಫ್‌ಎಂ ಇಷ್ಟು ಸ್ವಚ್ಛವಾಗಿ ಕೇಳುವಾಗ ಇಲ್ಲಿ ಇನ್ನೂ ಹಳೆಯ ಎಎಂ ಯಾಕೆ ಎಂದು ಕೇಳುವವರಿದ್ದಾರೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿನ ಸಿಗ್ನಲ್ ಸಣ್ಣದನ್ನು ನುಂಗಿಬಿಡುತ್ತದೆ, ಇನ್ನೊಬ್ಬರು ಮಾತಾಡಿದ್ದೇ ತಿಳಿಯುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಕರ್ಕಶವಾದ ಶಿಳ್ಳೆ ಕೇಳುತ್ತದೆ. ಮಾತು ಹಾಳಾಯಿತು, ನಿಜ, ಆದರೆ ಹಾಳಾಯಿತು ಎಂಬುದಾದರೂ ತಿಳಿಯಿತು. ಆಗ ಕೇಳಿಸಿಕೊಂಡ ಮೂರನೆಯವರು ಯಾರಾದರೂ ‘ಬ್ಲಾಕ್ಡ್’ ಎಂದರೆ ಸಾಕು, ಇಬ್ಬರೂ ಮತ್ತೆ ಹೇಳುತ್ತಾರೆ.

ವಿಎಚ್‌ಎಫ್ ಹೆಚ್ಚುಕಡಿಮೆ ನೇರ ನೋಟದಲ್ಲೇ ಸಾಗುತ್ತದೆ, ನೆಲದ ಬಾಗನ್ನು ಹೆಚ್ಚು ಅನುಸರಿಸುವುದಿಲ್ಲ. ಅಡಿಗಳಲ್ಲಿ ಎತ್ತರದ ವರ್ಗಮೂಲವನ್ನು 1.23 ರಿಂದ ಗುಣಿಸಿದರೆ ಮಾತು ತಲುಪುವ ದೂರ ನಾಟಿಕಲ್ ಮೈಲಿಯಲ್ಲಿ (ಒಂದಕ್ಕೆ 1.852 ಕಿ.ಮೀ.) ಸಿಗುತ್ತದೆ: 1,000 ಅಡಿಯಲ್ಲಿ ಸುಮಾರು 39, 5,000 ಅಡಿಯಲ್ಲಿ ಸುಮಾರು 87. ನೆಲದ ಆಂಟೆನಾ ಎತ್ತರದಲ್ಲಿದ್ದರೆ ಅದರ ಪಾಲು ಇದಕ್ಕೆ ಕೂಡುತ್ತದೆ. ಗುಡ್ಡದ ಹಿಂದೆ ತಗ್ಗಿ ಹಾರುವವರಿಗೆ ಟವರ್ ಉತ್ತರ ಕೊಡದಿದ್ದರೆ ರೇಡಿಯೊ ಕೆಟ್ಟಿದೆ ಎಂದು ಗಾಬರಿಯಾಗುವ ಮೊದಲು ನಾಲ್ಕೈದು ನೂರು ಅಡಿ ಮೇಲೇರಿ ನೋಡುವುದು ಒಳ್ಳೆಯದು. ನಿಂತ ವಿಮಾನದಲ್ಲೂ ಹೀಗೇ. ಹ್ಯಾಂಗರ್‌ನ ತಗಡಿನ ಗೋಡೆ ನಡುವೆ ಬಂದರೆ ಎದುರಿಗಿರುವ ಟವರ್ ಕೂಡ ಕೇಳದು, ಹತ್ತು ಮಾರು ಮುಂದೆ ಬಂದರೆ ಕೇಳುತ್ತದೆ.

ಗುಂಡಿ ಪೂರ್ತಿ ಒತ್ತಿ, ಅರೆಕ್ಷಣ ಬಿಟ್ಟು ಮಾತು ಶುರು ಮಾಡಬೇಕು. ಮಾತು ಮುಗಿದ ಮೇಲೆಯೇ ಬಿಡಬೇಕು. ಒತ್ತುತ್ತಾ ಮಾತಾಡುವವರ ಮೊದಲ ಪದ ಯಾವಾಗಲೂ ಅರ್ಧ ಹೋಗಿರುತ್ತದೆ, ಮೊದಲ ಪದವೇ ಯಾರನ್ನು ಕರೆಯುತ್ತಿದ್ದೇವೆ ಎಂಬುದು! ಮೈಕ್ ತುಟಿಗೆ ಒಂದು ಬೆರಳಗಲದಷ್ಟು ಹತ್ತಿರ, ಬಾಯಿಯ ಓರೆಗೆ ಇರಲಿ. ಇಂಜಿನ್ ಸದ್ದನ್ನು ಕಳೆಯುವ ಈ ಮೈಕುಗಳು ದೂರದ ಸದ್ದನ್ನೆಲ್ಲ ಗದ್ದಲ ಎಂದುಕೊಳ್ಳುತ್ತವೆ, ಮೈಕ್ ಗದ್ದಕ್ಕಿಳಿದಿದ್ದರೆ ನಿಮ್ಮ ದನಿಯನ್ನೂ ಅದಕ್ಕೇ ಸೇರಿಸುತ್ತವೆ. ವೇಗ ನಿಮಿಷಕ್ಕೆ 100 ಪದ ದಾಟಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಹೊಸಬರು ವಿಮಾನಯಾನ ಕಂಪನಿಗಳ ಪೈಲಟ್‌ಗಳ ಪಟಪಟ ಮಾತನ್ನು ಅನುಕರಿಸುವುದುಂಟು. ನನ್ನ ಪ್ರಕಾರ ಅದು ಕೆಟ್ಟ ಚಟ. ಬೇಗ ಹೇಳಿ ಎರಡು ಸಲ ಹೇಳುವುದಕ್ಕಿಂತ ನಿಧಾನವಾಗಿ ಒಂದು ಸಲ ಹೇಳಿದರೆ ಫ್ರೀಕ್ವೆನ್ಸಿ ಬೇಗ ಖಾಲಿಯಾಗುತ್ತದೆ.

ಮೊದಲ ಕರೆಯೇ ಬಹಳ ಜನರಿಗೆ ಬೆವರು ತರಿಸುವುದು. ಅದರಲ್ಲಿ ಹೇಳಬೇಕಾದ್ದು ನಾಲ್ಕೇ: ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು. ಅದಕ್ಕೂ ಮೊದಲು ಎಟಿಸ್ ಎಂಬ ಧ್ವನಿಮುದ್ರಿತ ಮಾಹಿತಿಯನ್ನು ಕೇಳಿ ಗಾಳಿ, ಬಳಕೆಯಲ್ಲಿರುವ ರನ್‌ವೇ, ಕ್ಯೂಎನ್‌ಎಚ್ (ಎತ್ತರದ ಮಾಪಕಕ್ಕೆ ಹೊಂದಿಸಬೇಕಾದ ಗಾಳಿಯ ಒತ್ತಡ) ಮತ್ತು ಆ ಮಾಹಿತಿಯ ಗುರುತಿನ ಅಕ್ಷರವನ್ನು ಮೊಣಕಾಲಿನ ಹಾಳೆಯಲ್ಲಿ ಬರೆದುಕೊಂಡಿರಬೇಕು. ಫ್ರೀಕ್ವೆನ್ಸಿ ಬದಲಿಸಿದ ಕೂಡಲೇ ಗುಂಡಿಗೆ ಕೈ ಹಾಕದೆ ಐದಾರು ಸೆಕೆಂಡು ಕಿವಿಗೊಡಬೇಕು. ಯಾರೋ ಪ್ರಶ್ನೆ ಕೇಳಿಸಿಕೊಂಡು ಉತ್ತರ ಕೊಡುವ ಹೊತ್ತಿಗೆ ನಡುವೆ ನುಗ್ಗುವುದು ಇಲ್ಲಿ ದೊಡ್ಡ ಅಸಭ್ಯತೆ.

ಗದ್ದಲವಿದ್ದಾಗ ಮೊದಲು ಬರೀ ಹೆಸರು, ಜಿ-ಎಬಿಸಿಡಿ ಎಂಬುದನ್ನು ಅಕ್ಷರಕ್ಕೊಂದು ಪದವಾಗಿ: “ಟವರ್, ಗಾಲ್ಫ್ ಆಲ್ಫಾ ಬ್ರಾವೊ ಚಾರ್ಲಿ ಡೆಲ್ಟಾ.” ಅವರು ಮಾತು ಮುಂದುವರಿಸಿ ಎಂದ ಮೇಲೆ ಉಳಿದದ್ದು: “ಗಾಲ್ಫ್ ಆಲ್ಫಾ ಬ್ರಾವೊ ಚಾರ್ಲಿ ಡೆಲ್ಟಾ, ಸೆಸ್ನಾ ಒನ್ ಸೆವೆನ್ ಟೂ, ಒನ್ ಜೀರೊ ಮೈಲ್ಸ್ ಸೌತ್, ಟೂ ತೌಸಂಡ್ ಫೈವ್ ಹಂಡ್ರೆಡ್ ಫೀಟ್, ಇನ್ಫರ್ಮೇಶನ್ ಕಿಲೊ, ಫಾರ್ ಲ್ಯಾಂಡಿಂಗ್.” ಅಷ್ಟೇ. ಬ್ರಿಟನ್‌ನಲ್ಲಿ ಮಾತು ಮುಂದುವರಿಸಿ ಎಂಬುದಕ್ಕೆ ‘ಗೋ ಅಹೆಡ್’ ಎನ್ನದೆ ‘ಪಾಸ್ ಯುವರ್ ಮೆಸೇಜ್’ ಎನ್ನುತ್ತಾರೆ. ನೆಲದ ಮೇಲಿರುವವರು ‘ಗೋ ಅಹೆಡ್’ ಕೇಳಿ ವಿಮಾನವನ್ನೇ ಮುಂದಕ್ಕೆ ಓಡಿಸಿಬಿಟ್ಟಾರು ಎಂಬ ಎಚ್ಚರ. ಕಾಲ್‌ಸೈನ್, ಅಂದರೆ ವಿಮಾನದ ಈ ಕರೆಯುವ ಹೆಸರನ್ನು ಮೊಟಕು ಮಾಡಿ ‘ಗಾಲ್ಫ್ ಚಾರ್ಲಿ ಡೆಲ್ಟಾ’ ಎನ್ನುವ ಹಕ್ಕು ಮೊದಲು ಕಂಟ್ರೋಲರ್‌ದು. ಅದೇ ಫ್ರೀಕ್ವೆನ್ಸಿಯಲ್ಲಿ ಚಾರ್ಲಿ ಡೆಲ್ಟಾ ಎಂದು ಕೊನೆಯಾಗುವ ಇನ್ನೊಂದು ವಿಮಾನ ಇದ್ದರೆ ಅದು ಅವರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ.

ಉತ್ತರವಾಗಿ ‘ಸ್ಟ್ಯಾಂಡ್ ಬೈ’, ಸ್ವಲ್ಪ ಕಾಯಿರಿ, ಎಂದು ಬಂತು ಅನ್ನಿ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅದಕ್ಕೆ ಮರುಮಾತೂ ಬೇಡ. ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಟವರ್ ಇರುವ ಚಿಕ್ಕ ನಿಲ್ದಾಣಗಳ ಸುತ್ತಲಿನ ಕ್ಲಾಸ್ ಡಿ ವಾಯುಪ್ರದೇಶದಲ್ಲಿ ಕಂಟ್ರೋಲರ್ ನಿಮ್ಮ ಕಾಲ್‌ಸೈನ್ ಹೇಳಿ ಸ್ಟ್ಯಾಂಡ್ ಬೈ ಎಂದರೆ ಸಂಪರ್ಕ ಆದಂತೆ, ಒಳಗೆ ಬರಬಹುದು. ಕಾಲ್‌ಸೈನ್ ಇಲ್ಲದೆ “ಕರೆಯುತ್ತಿರುವ ವಿಮಾನ, ಸ್ಟ್ಯಾಂಡ್ ಬೈ” ಎಂದರೆ ಆಗಿಲ್ಲ, ಹೊರಗೇ ಸುತ್ತಬೇಕು. ದೊಡ್ಡ ನಿಲ್ದಾಣಗಳ ಸುತ್ತಲಿನ ಕ್ಲಾಸ್ ಬಿಗೆ ಇದು ಯಾವುದೂ ಸಾಲದು, ಸ್ಪಷ್ಟವಾಗಿ ಅನುಮತಿ ಸಿಗಬೇಕು.

ಇನ್ನು ರೀಡ್‌ಬ್ಯಾಕ್. ಹೇಳಿದ್ದನ್ನು ತಿರುಗಿ ಒಪ್ಪಿಸುವುದು. ಎಲ್ಲವನ್ನೂ ಒಪ್ಪಿಸಬೇಕಿಲ್ಲ. ಗಾಳಿಯ ವೇಗ, ಬೇರೆ ವಿಮಾನದ ಸುಳಿವು, ಇಂಥವಕ್ಕೆ ರೋಜರ್ ಸಾಕು. ಒಪ್ಪಿಸಲೇಬೇಕಾದವು ತಪ್ಪಿದರೆ ಜೀವಕ್ಕೆ ಕುತ್ತು ತರುವಂಥವು: ಮಾರ್ಗದ ಅನುಮತಿ, ರನ್‌ವೇಯನ್ನು ಪ್ರವೇಶಿಸುವ, ದಾಟುವ, ಅದರ ಹೊರಗೆ ನಿಲ್ಲುವ, ಅದರ ಮೇಲಿಂದ ಏರುವ, ಅದರ ಮೇಲೆ ಇಳಿಯುವ ಮಾತು, ಬಳಕೆಯ ರನ್‌ವೇ, ಕ್ಯೂಎನ್‌ಎಚ್, ರೇಡಾರ್‌ಗೆ ವಿಮಾನದ ಗುರುತು ಕೊಡುವ ಟ್ರಾನ್ಸ್‌ಪಾಂಡರ್‌ನ ಕೋಡ್, ಎತ್ತರ, ದಿಕ್ಕು, ವೇಗ. ಒಂದು ಉದಾಹರಣೆ. “ಟ್ಯಾಕ್ಸಿ ವಯಾ ಆಲ್ಫಾ, ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್” (ಆಲ್ಫಾ ದಾರಿಯಲ್ಲಿ ಬಂದು ರನ್‌ವೇ 27ರ ಹೊರಗೇ ನಿಲ್ಲಿ) ಎಂದಾಗ ಪೈಲಟ್ “ಟ್ಯಾಕ್ಸಿ ವಯಾ ಆಲ್ಫಾ, ಗಾಲ್ಫ್ ಚಾರ್ಲಿ ಡೆಲ್ಟಾ” ಎಂದಷ್ಟೇ ಹೇಳಿದರೆ ಕಂಟ್ರೋಲರ್ ಬಿಡುವುದಿಲ್ಲ, ಹೋಲ್ಡ್ ಶಾರ್ಟ್ ಎಂಬುದನ್ನು ಬಾಯಲ್ಲಿ ಹೇಳಿಸಿಯೇ ತೀರುತ್ತಾರೆ. ಎಷ್ಟೋ ಜನರಿಗೆ ಇದು ಕಿರಿಕಿರಿ. ಆದರೆ ಬಿಟ್ಟುಹೋದ ಆ ಅರ್ಧವೇ ರನ್‌ವೇ ಮೇಲೆ ಇನ್ನೊಂದು ವಿಮಾನ ಇಳಿಯುವಾಗ ನಿಮ್ಮನ್ನು ಹೊರಗೆ ಹಿಡಿದಿಡುವ ಅರ್ಧ.

ರೀಡ್‌ಬ್ಯಾಕ್‌ನ ಇನ್ನೊಂದು ತುದಿ ಕಂಟ್ರೋಲರ್ ಕಿವಿಯಲ್ಲಿದೆ. ಪೈಲಟ್ ತಪ್ಪಾಗಿ ಒಪ್ಪಿಸಿದ್ದನ್ನು ಅವರು ಸರಿಯಾಗಿ ಕೇಳಿ ತಿದ್ದಬೇಕು. ಮನುಷ್ಯರ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳುವ ಜಾತಿಯದು. ಹತ್ತು ವಿಮಾನಗಳನ್ನು ನೋಡುತ್ತಿರುವಾಗ ತಾನು ಹೇಳಿದ ಮೂರು ಸಾವಿರವೇ ತಿರುಗಿ ಬಂತು ಎಂದು ಅದಕ್ಕೆ ಅನಿಸಿಬಿಡುತ್ತದೆ. ಆದ್ದರಿಂದ ಒಪ್ಪಿಸಿದ ಮೇಲೆ ಬರುವ ಮೌನವನ್ನು ‘ಸರಿ’ ಎಂದು ಪೂರ್ತಿ ನಂಬಬೇಡಿ. ಅನುಮಾನವಿದ್ದರೆ ‘ಕನ್‌ಫರ್ಮ್’ ಎಂದು ಕೇಳುವುದೇ ಸರಿ.

ಹೇಳುವ, ಒಪ್ಪಿಸುವ, ಕೇಳುವ ಈ ಕೊಂಡಿ ಸರಿಯಾಗಿ ಮುಚ್ಚಿಕೊಂಡರೂ ಎಡವಟ್ಟಾಗಬಹುದು. 2022 ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ಇಳಿಯಲಿದ್ದ ಒಂದು ಏರ್‌ಬಸ್ ಎ320 ವಿಮಾನಕ್ಕೆ ಕ್ಯೂಎನ್‌ಎಚ್ 1001 ಬದಲು 1011 ಎಂದು ಹೇಳಲಾಯಿತು. ಪೈಲಟ್ 1011 ಎಂದೇ ಚೆನ್ನಾಗಿ ಒಪ್ಪಿಸಿದರು. ಒತ್ತಡದ ಅಳತೆಯಾದ ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 28 ಅಡಿ ಲೆಕ್ಕ ಹಾಕಿ: ಹತ್ತಕ್ಕೆ 280 ಅಡಿ. ಮಾಪಕ ತೋರಿಸುತ್ತಿದ್ದುದಕ್ಕಿಂತ ವಿಮಾನ ಅಷ್ಟು ಕೆಳಗಿತ್ತು. ರನ್‌ವೇ ಕಾಣದೆ ಅವರು ಮತ್ತೆ ಮೇಲೇರಿದರು, ಆ ಹೊತ್ತಿಗೆ ರನ್‌ವೇ ಇನ್ನೂ ಮುಂದಿರುವಾಗಲೇ ನೆಲದಿಂದ ಆರು ಅಡಿ ತನಕ ಇಳಿದಿದ್ದರು. ಹೇಳಿದ್ದೂ ಕೇಳಿದ್ದೂ ಒಂದೇ ಎಂದು ರೀಡ್‌ಬ್ಯಾಕ್ ಖಾತ್ರಿ ಮಾಡುತ್ತದೆ, ಹೇಳಿದ್ದು ನಿಜವೇ ಎಂದಲ್ಲ. ಎಟಿಸ್ ಕೇಳಿ ಹಾಳೆಯಲ್ಲಿ ಬರೆದುಕೊಂಡ ಅಂಕಿ ಉಪಯೋಗಕ್ಕೆ ಬರುವುದು ಇಲ್ಲಿ. ಎರಡೂ ಹೊಂದದಿದ್ದರೆ ಕೇಳಬೇಕು.

‘ಓಕೆ’ ಎಂಬ ಪದದ ಬೆಲೆ ತಿಳಿಯಬೇಕಾದರೆ ಸ್ಪೇನ್‌ನ ಟೆನೆರೀಫ್ ದ್ವೀಪಕ್ಕೆ ಹೋಗಬೇಕು. 1977 ರ ಮಾರ್ಚ್ 27, ಲೋಸ್ ರೊದೆಯೋಸ್ ನಿಲ್ದಾಣ, ದಟ್ಟ ಮಂಜು, ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747. ಕೆಎಲ್‌ಎಂ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗದ ಅನುಮತಿ ಮಾತ್ರ, ಆದರೆ ಆ ವಾಕ್ಯದಲ್ಲಿ ‘ಟೇಕಾಫ್’ ಎಂಬ ಪದ ಇತ್ತು. ಅದನ್ನು ಒಪ್ಪಿಸುತ್ತಾ ಸಹಪೈಲಟ್ ಕೊನೆಗೆ “ವಿ ಆರ್ ನೌ ಅಟ್ ಟೇಕಾಫ್” ಎಂದರು. ಏರುವ ಜಾಗದಲ್ಲಿ ನಿಂತಿದ್ದೇವೆ ಎಂದೋ, ಏರುತ್ತಿದ್ದೇವೆ ಎಂದೋ? ಕಂಟ್ರೋಲರ್ “ಓಕೆ” ಎಂದು, ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್ ವಿಮಾನ ತಾನಿನ್ನೂ ರನ್‌ವೇ ಮೇಲಿದ್ದೇನೆ ಎಂದಿತು. ಎರಡು ಮಾತೂ ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದು ಆ ‘ಓಕೆ’, ಆಮೇಲೆ ಶಿಳ್ಳೆ. ಏರಲು ಓಡುತ್ತಿದ್ದ ಕೆಎಲ್‌ಎಂ ವಿಮಾನ ಪ್ಯಾನ್ ಆಮ್‌ಗೆ ಡಿಕ್ಕಿ ಹೊಡೆದು 583 ಜನ ಸತ್ತರು. ನಾವು ಆಗ ಹೇಳಿದೆವಲ್ಲ, ಎಎಂನ ಶಿಳ್ಳೆಯಿಂದ ಮಾತು ಹಾಳಾದದ್ದು ತಿಳಿಯುತ್ತದೆ ಎಂದು, ಅದು ಆವತ್ತು ತಿಳಿಸಿತ್ತು. ಯಾರೂ ‘ಸೇ ಅಗೇನ್’ ಎನ್ನಲಿಲ್ಲ.

ಅಲ್ಲಿಂದ ಮುಂದೆ ‘ಟೇಕಾಫ್’ ಪದಕ್ಕೆ ಬೇಲಿ ಬಿತ್ತು. ಏರಲು ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಅದನ್ನು ಬಳಸಬೇಕು, ಉಳಿದ ಕಡೆಯಲ್ಲೆಲ್ಲ ‘ಡಿಪಾರ್ಚರ್’. ನಾವು ಸಿದ್ಧ ಎನ್ನುವುದಕ್ಕೆ ‘ರೆಡಿ ಫಾರ್ ಡಿಪಾರ್ಚರ್’. ರನ್‌ವೇ ಮೇಲೆ ಬಂದು ನಿಲ್ಲಿ ಎನ್ನುವುದಕ್ಕೆ ‘ಲೈನ್ ಅಪ್ ಅಂಡ್ ವೇಟ್’. ಅಮೆರಿಕ ಮಾತ್ರ ಬಹುಕಾಲ ‘ಪೊಸಿಷನ್ ಅಂಡ್ ಹೋಲ್ಡ್’ ಎನ್ನುತ್ತಿತ್ತು, 2010 ರಲ್ಲಿ ಅದೂ ಬದಲಾಯಿತು. ಷರತ್ತಿನ ಅನುಮತಿಯ ಕಟ್ಟೋಣ ಇನ್ನೂ ಚಂದ: ಇಳಿಯುತ್ತಿರುವ ಆ ಸೆಸ್ನಾದ ಹಿಂದೆ, ಲೈನ್ ಅಪ್, ಹಿಂದೆ. ‘ಬಿಹೈಂಡ್’ ಎಂಬ ಷರತ್ತು ವಾಕ್ಯದ ತಲೆಯಲ್ಲೂ ಬಾಲದಲ್ಲೂ ಬರುತ್ತದೆ, ಒಂದು ತುದಿ ನುಂಗಿಹೋದರೆ ಇನ್ನೊಂದು ಉಳಿಯಲಿ ಎಂದು.

ಅಂಕಿಗಳ ಕಥೆಯೇ ಬೇರೆ. ಒಂಬತ್ತು ‘ನೈನರ್’, ಐದು ‘ಫೈಫ್’, ಮೂರು ‘ಟ್ರೀ’. ದಿಕ್ಕನ್ನು ಒಂದೊಂದೇ ಅಂಕಿಯಾಗಿ ಹೇಳಬೇಕು. 1989 ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಿರಿ ಎಂಬುದನ್ನು ‘ಡಿಸೆಂಡ್ ಟೂ ಫೋರ್ ಜೀರೊ ಜೀರೊ’ ಎಂದು ಹೇಳಲಾಗಿತ್ತು. ‘ಟೂ’ ಎರಡೋ, ‘-ಗೆ’ ಎಂಬ ವಿಭಕ್ತಿಯೋ? ಅವರು 400 ಎಂದುಕೊಂಡು ಇಳಿದು ಗುಡ್ಡಕ್ಕೆ ಬಡಿದರು, ನಾಲ್ವರೂ ತೀರಿಕೊಂಡರು. ಅದಕ್ಕೇ ಈಗ ಸಾವಿರ, ನೂರು ಎಂದು ಬಿಡಿಸಿ ಹೇಳುವುದು: ‘ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್’. ಇಂಗ್ಲಿಷಿನ ಪಾಡು ಎಂದು ನಾವು ನಗುವಂತಿಲ್ಲ. ಈ ಭಾಷೆ ಕನ್ನಡದಲ್ಲಿ ಹುಟ್ಟಿದ್ದರೆ ‘ಹತ್ತು ಸಾವಿರಕ್ಕೆ ಹತ್ತು’ ಎಂದು ಶುರುವಾಗಿ ‘ಏಳಕ್ಕೆ ಏಳು’ ಎನ್ನುವಷ್ಟರಲ್ಲಿ ಎಲ್ಲರೂ ನೆಲದಲ್ಲೇ ಉಳಿಯುತ್ತಿದ್ದರು.

ಪೈಲಟ್‌ಗಳು ಹೇಳಲು ಹಿಂಜರಿಯುವ ಪದ ‘ಅನೇಬಲ್’, ಆಗುವುದಿಲ್ಲ. ಕಂಟ್ರೋಲರ್ ಹೇಳಿದ ದಿಕ್ಕಿನಲ್ಲಿ ಮೋಡವಿದ್ದರೆ, ಹೇಳಿದ ತಿರುವಿನಲ್ಲಿ ರನ್‌ವೇಯಿಂದ ಹೊರಹೋಗಲು ವೇಗ ಹೆಚ್ಚಿದ್ದರೆ ಆ ಒಂದು ಪದ, ಜೊತೆಗೆ ಚಿಕ್ಕ ಕಾರಣ. ಮೋಡ ಕಾಣುವುದು ಕಿಟಕಿಯಲ್ಲಿ, ಅವರ ಪರದೆಯಲ್ಲಲ್ಲ. ತರಬೇತಿಯಲ್ಲಿರುವವರು ತಾವು ಕಲಿಯುತ್ತಿದ್ದೇವೆ ಎಂದು ಹೇಳಿಬಿಟ್ಟರೆ ಮಾತು ನಿಧಾನವಾಗುತ್ತದೆ, ತುಂಡು ತುಂಡಾಗಿ ಬರುತ್ತದೆ. ಅದರಲ್ಲಿ ನಾಚಿಕೆಯೇನಿಲ್ಲ.

ಇದಕ್ಕೂ ದೊಡ್ಡ ಹಿಂಜರಿಕೆ ‘ಮೇಡೇ’, ಪ್ರಾಣಾಪಾಯದ ಕರೆ. 1990 ರ ಜನವರಿ 25 ರಂದು ಆವಿಯಾಂಕ ಸಂಸ್ಥೆಯ 52ನೇ ಸಂಖ್ಯೆಯ ವಿಮಾನ ನ್ಯೂಯಾರ್ಕ್ ಸುತ್ತ ಒಂದು ಗಂಟೆಗೂ ಮಿಕ್ಕಿ ಕಾದು, ಇಂಧನ ಮುಗಿದು ಲಾಂಗ್ ಐಲೆಂಡ್‌ನಲ್ಲಿ ಬಿತ್ತು, 73 ಜನ ಸತ್ತರು. ‘ಪ್ರಯಾರಿಟಿ’ ಬೇಕು ಎಂದಿದ್ದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದ್ದರು. ತುರ್ತುಸ್ಥಿತಿ ಎಂಬ ಪದ ಮಾತ್ರ ಬಾಯಿಂದ ಬರಲಿಲ್ಲ. ಕಾಕ್‌ಪಿಟ್‌ನಲ್ಲಿ ಆದ್ಯತೆ ಎಂದರೆ ಪ್ರಾಣ, ಕಂಟ್ರೋಲರ್‌ಗೆ ಅದೊಂದು ವಿನಂತಿ. ಈಗ ಮೆಟ್ಟಿಲುಗಳು ಸ್ಪಷ್ಟ: ‘ಮಿನಿಮಮ್ ಫ್ಯೂಯಲ್’ ಅಂದರೆ ಇನ್ನು ತಡವಾದರೆ ಕಾದಿಟ್ಟ ಇಂಧನಕ್ಕೆ ಕೈ ಹಾಕಬೇಕಾದೀತು. ಅದು ಎಚ್ಚರಿಕೆ, ತುರ್ತು ಅಲ್ಲ. ಕೈ ಹಾಕುವುದು ಖಚಿತವಾದರೆ ‘ಮೇಡೇ ಮೇಡೇ ಮೇಡೇ ಫ್ಯೂಯಲ್’. ಬೇರೆ ಸಂಕಟಗಳಲ್ಲಿ ಮೂರು ಸಲ ಮೇಡೇ ಎಂದ ಮೇಲೆ ಕಾಲ್‌ಸೈನ್, ಏನಾಗಿದೆ, ಏನು ಮಾಡಲಿದ್ದೇನೆ, ಎಲ್ಲಿದ್ದೇನೆ, ಎತ್ತರ, ದಿಕ್ಕು, ಒಳಗೆ ಎಷ್ಟು ಜನ. ಯಾರ ಜೊತೆ ಮಾತಾಡುತ್ತಿದ್ದೀರೋ ಅದೇ ಫ್ರೀಕ್ವೆನ್ಸಿಯಲ್ಲಿ. ಯಾರೂ ಇಲ್ಲದಿದ್ದರೆ ತುರ್ತಿನ ಫ್ರೀಕ್ವೆನ್ಸಿ 121.5. ಆದರೆ ಮೊದಲು ವಿಮಾನ ಹಾರಿಸುವುದು, ಆಮೇಲೆ ದಾರಿ, ಮಾತು ಕೊನೆಗೆ. ಇಂಜಿನ್ ನಿಂತಾಗ ಜಾರುವ ವೇಗ ಹಿಡಿಯುವ ಮೊದಲೇ ಮೈಕ್ ಹಿಡಿದವರಿಗೆ ನೆಲದ ಮೇಲಿರುವವರು ಏನೂ ಮಾಡಲಾರರು.

ರೇಡಿಯೊವೇ ಮೂಕವಾದರೆ? ಬಹುಪಾಲು ಸಲ ಕೆಟ್ಟಿರುವುದು ರೇಡಿಯೊ ಅಲ್ಲ. ವಾಲ್ಯೂಮ್ ತಗ್ಗಿದೆಯೇ, ಅಂಕಿ ಸರಿಯೇ, ಹೊಸ ಫ್ರೀಕ್ವೆನ್ಸಿ ಸ್ಟ್ಯಾಂಡ್‌ಬೈ ಕಿಟಕಿಯಲ್ಲೇ ಉಳಿದಿದೆಯೇ, ಆಡಿಯೊ ಪ್ಯಾನೆಲ್‌ನಲ್ಲಿ ಒಂದನೇ ರೇಡಿಯೊ ಬದಲು ಎರಡನೆಯದು ಒತ್ತಿದೆಯೇ. ಹೆಡ್‌ಸೆಟ್‌ನ ಎರಡು ಪ್ಲಗ್‌ಗಳಲ್ಲಿ ದಪ್ಪನೆಯದು ಕಿವಿಗೆ, ಸಣ್ಣದು ಮೈಕ್‌ಗೆ. ಮೊಣಕಾಲು ತಾಗಿ ಸಣ್ಣದು ಅರ್ಧ ಹೊರಬಂದರೆ ಎಲ್ಲ ಕೇಳುತ್ತದೆ, ನಿಮ್ಮ ಮಾತು ಮಾತ್ರ ಹೋಗುವುದಿಲ್ಲ. ಬರೀ ಗದ್ದಲವನ್ನು ತಡೆದಿಡುವ ಸ್ಕ್ವೆಲ್ಚ್ ತೆರೆದಾಗ ಸುಯ್ ಎಂಬ ಸದ್ದು ಬಂದರೆ ಕಿವಿಯ ತನಕದ ದಾರಿ ಸರಿಯಿದೆ. ಹೊಸ ಫ್ರೀಕ್ವೆನ್ಸಿಯಲ್ಲಿ ಯಾರೂ ಇಲ್ಲದಿದ್ದರೆ ಹಳೆಯದಕ್ಕೇ ಮರಳಬೇಕು.

ಇದಕ್ಕಿಂತ ಕೆಟ್ಟದ್ದು ಗುಂಡಿ ಒತ್ತಿಕೊಂಡೇ ಉಳಿಯುವುದು. ತೊಡೆಗೆ ಕಟ್ಟಿದ ಹಲಗೆ ತಾಗಿಯೋ, ಸ್ಪ್ರಿಂಗ್ ಸವೆದೋ ಅದು ಅಂಟಿಕೊಂಡರೆ ಇಡೀ ಫ್ರೀಕ್ವೆನ್ಸಿ ನಿಮ್ಮ ಇಂಜಿನ್ ಸದ್ದಿನಿಂದ ತುಂಬುತ್ತದೆ. ಎಲ್ಲರಿಗೂ ಅದು ಕೇಳುತ್ತಿರುತ್ತದೆ, ನಿಮಗೊಬ್ಬರಿಗೆ ಮಾತ್ರ ‘ಇವತ್ತು ಎಷ್ಟು ಶಾಂತವಾಗಿದೆ’ ಎನಿಸುತ್ತದೆ. ರೇಡಿಯೊ ಮೇಲಿನ ಪ್ರಸಾರದ ಗುರುತು ಆರದೆ ಉಳಿದಿದ್ದರೆ ಇದೇ ರೋಗ. ಹೊಸ ರೇಡಿಯೊಗಳಲ್ಲಿ ಕೆಲವು ಅರ್ಧ ನಿಮಿಷದ ಆಸುಪಾಸಿನಲ್ಲಿ ತಾವೇ ಪ್ರಸಾರ ನಿಲ್ಲಿಸುತ್ತವೆ.

ಏನೂ ಕೈಗೂಡದಿದ್ದರೆ ಟ್ರಾನ್ಸ್‌ಪಾಂಡರ್‌ನಲ್ಲಿ 7600, ರೇಡಿಯೊ ಕೆಟ್ಟಿದೆ ಎನ್ನುವ ಕೋಡ್. ನಿಮಗೆ ಕೇಳಿಸುತ್ತಿರಬಹುದು, ಹೇಳಲು ಮಾತ್ರ ಆಗುತ್ತಿಲ್ಲ ಎಂದು ಕಂಟ್ರೋಲರ್‌ಗೆ ಅನಿಸಿದರೆ, ಕೇಳಿಸುತ್ತಿದ್ದರೆ ‘ಐಡೆಂಟ್’ ಒತ್ತಿ ಎನ್ನುತ್ತಾರೆ, ಅವರ ಪರದೆಯಲ್ಲಿ ನಿಮ್ಮ ಚುಕ್ಕೆ ಎದ್ದು ಕಾಣುತ್ತದೆ. ಅದೂ ಆಗದಿದ್ದರೆ ಉಳಿಯುವುದು ಟವರ್‌ನ ದೀಪ. ಹಾರುತ್ತಿರುವವರಿಗೆ ಸ್ಥಿರ ಹಸಿರು ಎಂದರೆ ಇಳಿಯಲು ಅನುಮತಿ, ಮಿನುಗುವ ಹಸಿರು ಎಂದರೆ ಇಳಿಯಲು ಮರಳಿ ಬನ್ನಿ, ಸ್ಥಿರ ಕೆಂಪು ಎಂದರೆ ದಾರಿ ಬಿಟ್ಟು ಸುತ್ತುತ್ತಿರಿ, ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಇದಕ್ಕೆ ಹಗಲಲ್ಲಿ ಪೈಲಟ್ ಕೊಡುವ ಉತ್ತರ ರೆಕ್ಕೆ ಅಲುಗಿಸುವುದು, ರಾತ್ರಿಯಾದರೆ ಲ್ಯಾಂಡಿಂಗ್ ದೀಪವನ್ನು ಎರಡು ಸಲ ಮಿನುಗಿಸುವುದು. ರೆಕ್ಕೆಯಲ್ಲಿ ರೀಡ್‌ಬ್ಯಾಕ್ ಇಲ್ಲ, ಅದು ಬರೀ ರೋಜರ್: ಕಂಡಿತು. ಸ್ಥಿರ ಹಸಿರನ್ನು ಸ್ಥಿರ ಹಸಿರೆಂದೇ ಕಂಡರೋ ಇಲ್ಲವೋ ಎಂಬುದು ವಿಮಾನ ಮುಂದೆ ಯಾವ ಕಡೆ ತಿರುಗುತ್ತದೆ ಎಂಬುದರಿಂದಲೇ ಗೊತ್ತಾಗಬೇಕು. ಅಲ್ಲಿಯ ತನಕ ಟವರ್‌ನಲ್ಲಿರುವವರು ಬೈನಾಕ್ಯುಲರ್ ಕೆಳಗಿಡುವುದಿಲ್ಲ.